ಬರೀಬ್ಯಾಡ ಅಂದವರಿಗೆ

ಹೋದ ತಿಂಗಳು ನಮ್ಮ ಬಳಗದಾಗ ಒಂದು ತೊಟ್ಟಿಲ ಕಾರ್ಯ ಇತ್ತು. ನಾ ಇಲ್ಲಿ ಕೆನಡಾದ ವಿಂಡ್ಸರ್‌ನ್ಯಾಗ, ಅವರೆಲ್ಲಾ ಅಲ್ಲಿ ಊರಾಗ. ಅವರಿಗೆ ಮಧ್ಯಾಹ್ನ ಮೂರು, ನನಗ ಬೆಳಗಿನ ಐದೂವರಿ. ವಿಡಿಯೋ ಕಾಲ್‌ನ್ಯಾಗ ಕೂಸಿನ ಮುಖ ತೋರಿಸಿದ್ರು, ಗುಗ್ಗರಿ ತೋರಿಸಿದ್ರು, ಹೋಳಿಗಿ ತೋರಿಸಿ ಹೊಟ್ಟಿ ಉರಿಸಿದ್ರು. ಊಟ ಮುಗದು ಹೆಂಗಸರೆಲ್ಲಾ ಪಡಸಾಲ್ಯಾಗ ಎಲಿ ಅಡಕಿ ಹಾಕ್ಕೋತ ಕುಂತಾಗ ಅಕ್ಕ ಒಬ್ಬಾಕಿ ಫೋನ್ ಇಸಗೊಂಡು, ದನಿ ಸಣ್ಣ ಮಾಡಿ ಕೇಳಿದ್ಲು: "ತಂಗಿ, ನನ್ನ ಮಗಂದು ಕೆನಡಾದ ಫಾರ್ಮ್ ತುಂಬಾಕತ್ತಾರ. ಅದರಾಗ ಕೇಸ್ ಗೀಸ್ ಆಗೈತೇನು ಅಂತ ಕೇಳ್ಯಾರಂತ. ಅದೊಂದು ಹಳೇದು ಐತೆಲ್ಲಾ, ಅದನ್ನ ಬರೀಬೇಕೇನ?"

ನಾ ಬಾಯಿ ತೆಗೆಯೂದ್ರಾಗ ಫೋನ್ ಕೈಯಿಂದ ಕೈಗೆ ಹೋತು. ಒಬ್ಬ ವೈನಿ, "ಹುಚ್ಚಿ ಏನ ನೀ, ಯಾರರ ತಮ್ಮ ತಪ್ಪು ತಮ್ಮ ಕೈಯಾರ ಬರದು ಕೊಡ್ತಾರೇನು?" ಅಂದ್ಲು. ಚಿಗವ್ವ, "ದಂಡ ಕಟ್ಟಿ ಮುಗದೈತಿ. ಮುಗದಿದ್ದನ್ನ ಕೆದರಬಾರದು" ಅಂದ್ಲು. ಮೂಲ್ಯಾಗಿಂದ ಇನ್ನೊಬ್ಬಾಕಿ, ಏಜೆಂಟನ ಖುದ್ದ 'ಇಲ್ಲ' ಅನ್ನೂದಕ್ಕ ಗುರುತು ಹಾಕ್ರಿ ಅಂದಾನಂತ, ಅವಂಗಿಂತ ನಮಗ ಹೆಚ್ಚಿಗಿ ಗೊತ್ತೇನು, ಅಂದ್ಲು. ಬರೀಬ್ಯಾಡ, ಬರೀಬ್ಯಾಡ, ಬರೀಬ್ಯಾಡ. ಕಡೀಕ ಫೋನ್ ನಮ್ಮ ಅವ್ವನ ಕೈಗೆ ಬಂತು. ಅವ್ವ ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದ್ಲು, ಮಗ್ಗಲದಾಕಿಗೆ ಫೋನ್ ಕೊಟ್ಟುಬಿಟ್ಲು.

ಅವ್ವ ಯಾಕ ಸುಮ್ಮನಾದ್ಲು ಅನ್ನೂದು ಅಲ್ಲಿ ಕುಂತ ಭಾಳ ಮಂದಿಗೆ ಗೊತ್ತಿಲ್ಲ. ಇವತ್ತು ಗೊತ್ತಾಗಲಿ. ನನ್ನ ಮ್ಯಾಲೂ ಒಂದು ಕೇಸ್ ಆಗಿತ್ತು. ಆಗಿತ್ತು ಅಷ್ಟ ಅಲ್ಲ, ಶಿಕ್ಷಾನೂ ಆಗೈತಿ. ಅದನ್ನ ಕೈಯಾರ ಬರದು ಕೊಟ್ಟ ನಾ ಇಲ್ಲಿಗೆ ಬಂದಾಕಿ.

(ಅಕ್ಕನ ಸಂಗತಿಯೊಳಗ ಊರು, ಕೆಲಸ, ಸಂಬಂಧ ಎಲ್ಲಾ ಚೂರು ಚೂರು ಬದಲಿ ಮಾಡೀನಿ. ಆಕಿಗೆ ಮಾತ್ರ ಗೊತ್ತಾಗ್ತೈತಿ ಇದು ಆಕಿಗೆ ಅಂತ. ನನ್ನ ಸಂಗತಿಯೊಳಗ ಏನೂ ಬದಲಿ ಮಾಡಿಲ್ಲ.)

2006ರ ಹಿಂಗಾರಿ. ನನಗ ಆಗ 19 ವರ್ಷ. ನಮ್ಮದು ಎರಿ ಹೊಲ, ಕಡ್ಲಿ ಬಿತ್ತಿದ್ವಿ. ಮಗ್ಗಲ ಹೊಲ ನಮ್ಮ ದಾಯಾದ್ಯಾರದು. ಬದುವಿನ ಮ್ಯಾಲಿನ ಬಾಂದಗಲ್ಲು ಒಂದು ಮಾರು ನಮ್ಮ ಕಡೆ ಸರದಿತ್ತು. ಕಲ್ಲಿಗೆ ಕಾಲು ಬರ್ತಾವೇನು? ಅಪ್ಪ, ಕಾಕಾ, ಅಣ್ಣ ಎಲ್ಲಾರೂ ಬಾಯಿ ಮಾಡ್ಕೋತ ನಿಂತಿದ್ರು, ಅವ್ವ ನಡುವ ಹೋಗಿ ಬಿಡಸಾಕ ನೋಡಾಕತ್ತಿದ್ಲು. ನಾ ಬುತ್ತಿ ತಗೊಂಡು ಹೋಗಿದ್ದೆ. ಆ ಮನಿ ದೊಡ್ಡವ್ವ ನಮ್ಮ ಅವ್ವಗ ಒಂದು ಮಾತು ಅಂದ್ಲು. ಅದನ್ನ ಇಲ್ಲಿ ಬರಿಯೂದಿಲ್ಲ. ನಾ ಬುತ್ತಿ ಗಂಟು ಬದುವಿನ ಮ್ಯಾಲಿಟ್ಟು ಹೋಗಿ ಆಕಿ ಕಪಾಳಕ್ಕ ಹೊಡದೆ. ಆಕಿ ನನ್ನ ಹೆರಳು ಹಿಡದ್ಲು, ನಾ ನೂಕಿದೆ, ಆಕಿ ಹೆಂಟಿ ಮ್ಯಾಲೆ ಬಿದ್ದು ಮೊಣಕೈ ತರಚ್ತು.

ತಪ್ಪು ನಂದ. ಅದನ್ನ ಯಾವತ್ತೂ ಅಲ್ಲಗಳೆಯೂದಿಲ್ಲ. ನನ್ನ ತಾಯಿ ವಯಸ್ಸಿನಾಕಿಗೆ ಹೊಡದೀನಿ.

ಅವರು ಸ್ಟೇಷನ್ನಿಗೆ ಹೋದ್ರು. ಭಾರತೀಯ ದಂಡ ಸಂಹಿತೆ ಕಲಂ 323, ಜೊತೆಗೆ 34. ಸ್ವಇಚ್ಛೆಯಿಂದ ಗಾಯಪಡಿಸಿದ್ದು, ಎಲ್ಲಾರೂ ಕೂಡಿ. ಅಪ್ಪ ಆರೋಪಿ ನಂಬರ್ 1, ಕಾಕಾ 2, ಅಣ್ಣ 3, ನಾ 4. ಹೊಡದಾಕಿ ನಾ ಒಬ್ಬಾಕೀನ, ಪಟ್ಟಿಯೊಳಗ ಮಾತ್ರ ಕಡೇದಾಕಿ. ಹೆಣ್ಣುಮಕ್ಕಳು ಅಂದ್ರ ಪೊಲೀಸರ ಕಾಗದದಾಗೂ ಉಣ್ಣಾಕ ಕಡೀಕ ಕುಂಡ್ರೂದು.

ಎರಡು ವರ್ಷ ತಾರೀಖು ನಡದ್ವು. ಹತ್ತಿ ಬಿಡಿಸೂ ದಿನ, ಬಿತ್ತೂ ದಿನ, ಎಲ್ಲಾ ಕೋರ್ಟಿನ ಕಟ್ಟಿ ಮ್ಯಾಲೆ. 2008ರ ಹೊತ್ತಿಗೆ ಎರಡೂ ಮನಿಯವರಿಗೂ ಸಾಕಾಗಿತ್ತು. ಆ ವರ್ಷ ನಾಗರ ಪಂಚಮಿಗೆ ಕೂಡೇ ಹಾಲು ಎರದ್ವಿ, ಉಂಡಿ ಕೊಟ್ಟು ತಗೊಂಡ್ವಿ. ಪಂಚಮಿ ಮುಗದ ಮುಂದಿನ ತಾರೀಖಿಗೆ ನಮ್ಮ ವಕೀಲರು ಅಪ್ಪನ್ನ ಬಾಜೂಕ ಕರದು, "ಯಜಮಾನ್ರ, ಎಲ್ಲಾರೂ ತಪ್ಪು ಒಪ್ಪಿಕೊಂಡುಬಿಡ್ರಿ. ತಲೀಗೆ ಐನೂರು ದಂಡ. ಇವತ್ತ ಮುಗದ ಹೋಗ್ತೈತಿ" ಅಂದ್ರು. ಮುಗದ ಹೋಗ್ತೈತಿ ಅನ್ನೂ ಮಾತು ಕೇಳಿ ಅಪ್ಪ ಅವರ ಕಾಲಿಗೆ ಬೀಳೂದೊಂದ ಬಾಕಿ. ಸಾಹೇಬರು ಹೆಸರು ಕರದ್ರು, ಒಪ್ಕೋತೀರೇನು ಅಂದ್ರು, ಒಬ್ಬರ ಹಿಂದ ಒಬ್ಬರು ಹೂಂ ಅಂದ್ವಿ. ಎರಡು ಸಾವಿರ ರೂಪಾಯಿ ಕಟ್ಟಿ, ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ತಿಂದು ಮನಿಗೆ ಬಂದ್ವಿ.

ಈಗ ನನ್ನ ಸಿಟ್ಟು ಕೇಳ್ರಿ. ಅವತ್ತು ಆ ದೊಡ್ಡವ್ವ ಅದ ಕೋರ್ಟಿನ ಕಟ್ಟಿ ಮ್ಯಾಲೆ ಕುಂತು ನಮ್ಮ ಬುತ್ತಿಯೊಳಗಿನ ರೊಟ್ಟಿ ತಿನ್ನಾಕತ್ತಿದ್ಲು! ಆಕಿ ಒಳಗ ಬಂದು "ರಾಜಿ ಆಗೇವ್ರಿ ಸಾಹೇಬ್ರ" ಅಂದಿದ್ರ ಸಾಕಿತ್ತು. 323 ರಾಜಿಗೆ ಬರೂ ಕಲಂ. ಪೆಟ್ಟು ತಿಂದವರು ರಾಜಿ ಆದ್ರ ಆರೋಪಿ ಖುಲಾಸೆ ಆದಂಗ, ಅಂತ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮಿನ್ಯಾಗ ಸ್ವಚ್ಛ ಬರದೈತಿ. ಖುಲಾಸೆ! ಅಂದ್ರ ಶಿಕ್ಷಾ ಆಗಿಲ್ಲ ಅಂತ ಬಂಡಿ ಬಾಯಿಲೆ ಹೇಳಬಹುದಿತ್ತು. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ್ರ? ಅದು ಅಪರಾಧ ಸಾಬೀತಾಗಿ ಶಿಕ್ಷಾ ಆದಂಗ. ದಂಡ ಐನೂರು ಇರಲಿ, ಐವತ್ತು ಇರಲಿ. ಎರಡೂ ಅದ ದಿನಾನ ಮುಗೀತಿದ್ವು, ಎರಡಕ್ಕೂ ಅದ ಬಸ್ಸಿಗೆ ಮನಿಗೆ ಬರ್ತಿದ್ವಿ. ಒಂದು ದಾರಿಯೊಳಗ ನಾ ಏನೂ ಅಲ್ಲ, ಇನ್ನೊಂದರಾಗ ನಾ ಶಿಕ್ಷಾ ಆದಾಕಿ. ಇದನ್ನ ನಮಗ ಯಾರೂ ಹೇಳಲಿಲ್ಲ. ನಿಮ್ಮ ಮನ್ಯಾಗ ಈಗ ಇಂಥಾ ಸಣ್ಣ ಜಗಳದ ಕೇಸ್ ನಡದಿದ್ರ ಇದನ್ನೊಂದು ಕೇಳಿ ಇಟ್ಕೋರಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದು 323 ಹೋಗಿ ಭಾರತೀಯ ನ್ಯಾಯ ಸಂಹಿತೆಯ 115(2) ಆಗೈತಿ. ನಂಬರ್ ಬದಲಿ ಆದ್ರೂ, ರಾಜಿ ಮಾಡ್ಕೊಳ್ಳಾಕ ಈಗೂ ಬರ್ತೈತಿ.

ಆಮ್ಯಾಲಿನದು ನೀವೆಲ್ಲಾ ಊಹೆ ಮಾಡಬಹುದು. ತಮ್ಮಗ ಮದುವಿ ಆತು, ತಂಗಿಗೆ ಆತು, ನನ್ನದು ಆಗಲಿಲ್ಲ. ನೋಡಾಕ ಬಂದವರು ಊರಾಗ ಚಾ ಕುಡಿಯೂ ಹೊತ್ತಿಗೆ ಯಾರರ ಒಬ್ಬರು "ಕೋರ್ಟ್ ಹತ್ತಿದ ಹುಡುಗಿ" ಅಂದುಬಿಡ್ತಿದ್ರು. ಅಣ್ಣನ ಮ್ಯಾಲೆ ಅದ ಕೇಸ್, ಅದ ದಂಡ. ಅವಂಗ ಎರಡ ತಿಂಗಳಾಗ ಕನ್ಯಾ ಸಿಕ್ತು. ಅವನ ಬೀಗರ ಮನ್ಯಾಗ "ಹೊಲದ ಸಲುವಾಗಿ ನಿಂತ ಹುಡುಗ" ಅಂತ ಹೊಗಳಿಕಿ ಬ್ಯಾರೆ.

ಅದಕ್ಕ 2018ರಾಗ ಈ ಸಂಬಂಧ ಬಂದಾಗ ಅವ್ವ ನನ್ನಿಂದ ಆಣಿ ಮಾಡಿಸಿಕೊಂಡ್ಲು. ಹುಡುಗ 2014ರಿಂದ ವಿಂಡ್ಸರ್‌ನ್ಯಾಗ ಕಾರಿನ ಬಿಡಿಭಾಗ ಮಾಡೂ ಫ್ಯಾಕ್ಟರಿಯೊಳಗ ಮಷಿನ್ ನಡಸ್ತಾನ, ಊರು ದೂರ, ಇಲ್ಲಿಯವರ ಮಾತು ಅಲ್ಲೀತನ ಹೋಗೂದಿಲ್ಲ, ನೀ ತುಟಿ ಬಿಚ್ಚಬ್ಯಾಡ. ಅವ್ವನ್ನ ನಾ ಬೈಯೂದಿಲ್ಲ. ಹತ್ತು ವರ್ಷ ಮಂದಿ ಮಾತು ಉಂಡಾಕಿ ಆಕಿ. ಆದ್ರ ಆಣಿ ಮುರದೆ. ನಿಶ್ಚಯದ ಮುಂದಿನ ವಾರ ಫೋನ್‌ನ್ಯಾಗ ಅವರಿಗೆ ಎಲ್ಲಾ ಹೇಳಿದೆ, ಕಪಾಳದಿಂದ ಹಿಡದು ಮಿರ್ಚಿ ತನಕ. ಆ ಕಡೆಯಿಂದ ಏನೂ ಮಾತಿಲ್ಲ. ಎರಡು ದಿನ ಫೋನ್ ಬರಲಿಲ್ಲ. ಆ ಎರಡು ದಿನ ನಾ ರೊಟ್ಟಿ ಬಡದ ಸಪ್ಪಳಕ್ಕ ಅವ್ವ, "ಕಲ್ಲ ಒಡೀತೈತಿ, ಸಾವಕಾಶ" ಅಂದಿದ್ಲು. ಮೂರನೇ ದಿನ ಫೋನ್ ಮಾಡಿ ಅವರು ಕೇಳಿದ್ದು ಒಂದ: "ಆ ಕಾಗದ ಎಲ್ಲೈತಿ? ಇಲ್ಲಿ ಫೈಲ್ ಹಾಕುಮುಂದ ಬೇಕಾಗ್ತೈತಿ."

ಅಷ್ಟ. ಬೇರೆ ಹುಡುಗ ಆಗಿದ್ರ ಸಂಬಂಧ ಮುರೀತಿತ್ತೋ ಏನೋ. ಮುರದಿದ್ರೂ ಅದು ಮದುವಿ ಮೊದಲ ಮುರೀತಿತ್ತು.

ಮುಂದ ನನಗ ಹತ್ತಿದ್ದು ನಿಮ್ಮಂಥಾವರ ಕಾಟ. ಕೆನಡಾದವರು ಪೊಲೀಸ್ ಕ್ಲಿಯರೆನ್ಸ್ ಕೇಳ್ತಾರ. ಪಾಸ್‌ಪೋರ್ಟ್ ಸೇವಾದಾಗ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಪೊಲೀಸರು ಮನಿಗೆ ಬಂದು ಹೋದ್ರು. ಸರ್ಟಿಫಿಕೇಟ್ ಬಂತು, ಸ್ವಚ್ಛ! ನನ್ನ ಮ್ಯಾಲೆ ಏನೂ ಇಲ್ಲ ಅಂತ. ಮನ್ಯಾಗ ಹಬ್ಬ ಆದಂಗ ಆತು. ಸರಕಾರನ ಇಲ್ಲ ಅಂದ ಮ್ಯಾಲೆ ನಿನಗ್ಯಾಕ ಉಸಾಬರಿ, ಅಂತ ಎಲ್ಲಾರೂ ನನ್ನ ಮ್ಯಾಲೆ ಬಿದ್ರು. ಪಾಸ್‌ಪೋರ್ಟ್ ಸೈತ ಕೊಟ್ಟಾರಲ್ಲ, ಕೇಸ್ ಇದ್ರ ಕೊಡ್ತಿದ್ರೇನು?

ಇಲ್ಲಿ ನಿಂತು ಸ್ವಲ್ಪ ತಿಳಕೋರಿ, ಯಾಕಂದ್ರ ಎಲ್ಲಾರೂ ಜಾರಿ ಬೀಳೂದು ಇದ ಮೆಟ್ಟಲಾಗ. ಪಾಸ್‌ಪೋರ್ಟ್ ಕಾಯ್ದೆ 1967ರ ಪ್ರಕಾರ, ನೈತಿಕ ಅಧಃಪತನದ ಅಪರಾಧಕ್ಕ ಎರಡು ವರ್ಷಕ್ಕ ಕಡಿಮಿ ಇಲ್ಲದಂಗ ಜೈಲು ಶಿಕ್ಷಾ ಆಗಿ, ಅದು ಅರ್ಜಿ ಹಾಕೂ ಮೊದಲಿನ ಐದು ವರ್ಷದೊಳಗ ಆಗಿದ್ರ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿನ್ಯಾಗ ಕೇಸ್ ಇನ್ನೂ ನಡದಿದ್ರೂ ತಡೀಬಹುದು. ಐನೂರು ರೂಪಾಯಿ ದಂಡ ಕಟ್ಟಿದಾಕಿಗೆ ಪಾಸ್‌ಪೋರ್ಟ್ ಕೊಡಾಕ ಅವರಿಗೇನೂ ಅಡ್ಡಿ ಇಲ್ಲ. ಅಂದಮ್ಯಾಲೆ ಪಾಸ್‌ಪೋರ್ಟ್ ಕೈಯಾಗ ಇದ್ದದ್ದು ಯಾವುದಕ್ಕೂ ಸಾಕ್ಷಿ ಅಲ್ಲ. ಪೊಲೀಸ್ ಸರ್ಟಿಫಿಕೇಟೂ ಅಷ್ಟ. ಹಳೇ ರಿಜಿಸ್ಟರ್ ಯಾರು ತಿರುವಿ ನೋಡಿದ್ರು, ಯಾರು ಬಿಟ್ರು, ದೇವರಿಗೆ ಗೊತ್ತು. ಫಾರ್ಮಿನ್ಯಾಗಿನ ಪ್ರಶ್ನಾ ಇರೂದು ಪೊಲೀಸರಿಗೆ ಅಲ್ಲ, ನಿಮಗ. ಯಾವುದರ ದೇಶದಾಗ, ಯಾವತ್ತರ, ಅಪರಾಧಕ್ಕ ಶಿಕ್ಷಾ ಆಗೈತೇನು? 'ದೊಡ್ಡ ಅಪರಾಧ' ಅಂತ ಬರದಿಲ್ಲ. 'ಜೈಲಿಗೆ ಹೋಗಿದ್ರೇನು' ಅಂತ ಬರದಿಲ್ಲ. ಕೆಳಗ ಸಹಿ ನಿಮ್ಮದು. ಏಜೆಂಟ್ ಸಹಿ ಮಾಡೂದಿಲ್ಲ, ಚಿಗವ್ವ ಸಹಿ ಮಾಡೂದಿಲ್ಲ.

ನಾ 'ಹೌದು' ಅಂತ ಗುರುತು ಹಾಕಿದೆ.

ಹಾಕಿ ಒಂದು ದಡ್ಡ ಕೆಲಸ ಮಾಡಿದೆ. ಎರಡು ಸಾಲು ವಿವರ ಬರದು ಸುಮ್ಮನಾದೆ, ಕೋರ್ಟಿನ ಕಾಗದ ಹಚ್ಚಲಿಲ್ಲ. ನಮ್ಮವರು ಕೇಳಿದ್ರೂ, "ಅದೆಲ್ಲಿ ಸಿಗ್ತೈತಿ ಈಗ, ಹತ್ತು ವರ್ಷದ್ದು" ಅಂತ ಆಲಸ್ಯ ಮಾಡಿದೆ. ಖರೇ ಹೇಳಬೇಕಂದ್ರ ಆಲಸ್ಯ ಅಲ್ಲ, ಆ ಕೋರ್ಟಿನ ಮೆಟ್ಟಲಾ ಮತ್ತ ಹತ್ತೂದು ಬ್ಯಾಡಾಗಿತ್ತು. 2019ರ ಏಪ್ರಿಲ್‌ನ್ಯಾಗ ಫೈಲ್ ಹೋತು. 2020ರ ಜನೆವರಿಯೊಳಗ ಪತ್ರ ಬಂತು: ತೀರ್ಪಿನ ನಕಲು ಕಳಸ್ರಿ, ದಂಡ ಕಟ್ಟಿದ್ದಕ್ಕ ಪುರಾವೆ ಕಳಸ್ರಿ, ಇಂಗ್ಲಿಷ್ ಅನುವಾದ ಕಳಸ್ರಿ. ನಕಲಿಗೆ ಅರ್ಜಿ ಹಾಕಿದೆ, ರೆಕಾರ್ಡ್ ರೂಮಿನ್ಯಾಗ ಹುಡುಕಬೇಕು ಅಂದ್ರು. ಮಾರ್ಚ್‌ನ್ಯಾಗ ಲಾಕ್‌ಡೌನ್. ಕೋರ್ಟ್ ಬಂದ್. ಕೈಯಾಗ ಆ ಒಂದು ಹಾಳಿ ಬಂದಾಗ ಸಪ್ಟೆಂಬರ್ ಆಗಿತ್ತು. ಅವರಿಂದ ಗಡುವು ಮುಂದ ಹಾಕಿಸಿಕೊಂಡಿದ್ವಿ, ಇಲ್ಲದಿದ್ರ ಅಲ್ಲೇ ಮುಗೀತಿತ್ತು. ಮದುವಿ ಆಗಿ ಮೂರು ವರ್ಷದಾಗ ಗಂಡನ ಮುಖ ಕಂಡದ್ದು ಎಪ್ಪತ್ತು ದಿನ. ಅದರಾಗ ಒಂದು ವರ್ಷದ ತಪ್ಪು ನನ್ನ ಆಲಸ್ಯದ್ದು, ಖರೇ ಹೇಳಿದ್ದರದ್ದಲ್ಲ. ಎರಡನ್ನೂ ಕಲಸಬ್ಯಾಡ್ರಿ.

ಆ ಹಾಳಿ ಒಳಗ ಏನಿತ್ತು ಅಂತೀರಿ? ಆರೋಪಿಗಳು ತಪ್ಪೊಪ್ಪಿಕೊಂಡಾರ, ಫಿರ್ಯಾದಿಗೆ ಆಗಿದ್ದು ಸಾದಾ ಸ್ವರೂಪದ ಗಾಯ, ತಲಾ 500 ರೂಪಾಯಿ ದಂಡ, ಕಟ್ಯಾರ. ಇಷ್ಟ. ಈ 'ಸಾದಾ ಸ್ವರೂಪದ ಗಾಯ' ಅನ್ನೂ ಮಾತಿನ ಬೆಲಿ ನನಗ ಇಲ್ಲಿಯ ವಕೀಲರು ಹೇಳಿದ ಮ್ಯಾಲೆ ಗೊತ್ತಾತು. ಕೆನಡಾದವರು ನಮ್ಮ ಕಲಂ ನೋಡೂದಿಲ್ಲ. ನೀ ಮಾಡಿದ ಕೆಲಸ ಅವರ ದೇಶದಾಗ ಮಾಡಿದ್ರ ಯಾವ ಅಪರಾಧ, ಅದಕ್ಕ ಹೆಚ್ಚಂದ್ರ ಎಷ್ಟು ಶಿಕ್ಷಾ, ಅಂತ ನೋಡ್ತಾರ. ಸಾದಾ ಹೊಡತಕ್ಕ ಅವರಲ್ಲಿ ಹೆಚ್ಚಂದ್ರ 5 ವರ್ಷ. ಅಪರಾಧ ಒಂದ ಇದ್ದು, ಅದರ ಹೆಚ್ಚಿನ ಶಿಕ್ಷಾ ಅವರ ಲೆಕ್ಕದಾಗ 10 ವರ್ಷಕ್ಕಿಂತ ಕಡಿಮಿ ಇದ್ದು, ನಿನಗ ಆದ ಶಿಕ್ಷಾ ಪೂರ್ತಿ ಮುಗದು 10 ವರ್ಷ ಕಳದಿದ್ದು, ನಡುವ ಮತ್ತೇನೂ ಮಾಡಿರದಿದ್ರ, ಈಕಿ ಸುಧಾರಿಸ್ಯಾಳ ಅಂತ ಕಾನೂನ ತಾನ ಹಿಡೀತೈತಿ. ನಾ ದಂಡ ಕಟ್ಟಿದ್ದು 2008ರ ಆಗಸ್ಟ್, ಫೈಲ್ ಹಾಕಿದ್ದು 2019ರ ಏಪ್ರಿಲ್. ಹತ್ತು ವರ್ಷ ಎಂಟು ತಿಂಗಳು. 2021ರ ಮಾರ್ಚ್‌ನ್ಯಾಗ ವೀಸಾ ಬಂತು.

ಈಗ ಹೇಳ್ರಿ, ಮುಚ್ಚಿಟ್ಟಿದ್ರ ನನಗ ಏನು ಲಾಭ ಆಗ್ತಿತ್ತು? ಯಾವುದು ನನ್ನ ತಡೀತಿರಲಿಲ್ಲವೋ ಅದನ್ನ ಮುಚ್ಚಾಕ ಹೋಗಿ, ತಡಿಯೂ ಅಂಥಾದ್ದೊಂದು ಹೊಸಾದು ಮಾಡ್ಕೋತಿದ್ದೆ. ಕೆನಡಾದಾಗ ಅರ್ಜಿಯೊಳಗ ಸುಳ್ಳು ಹೇಳಿದ್ದು, ಮುಚ್ಚಿಟ್ಟಿದ್ದು ಸಿಕ್ಕಿಬಿದ್ರ 5 ವರ್ಷ ಬಾಗಲಾ ಬಂದ್. ಅಮೆರಿಕಾದಾಗ ಬೇಕಂತ ಸುಳ್ಳು ಹೇಳಿ ಸಿಕ್ಕಿದ್ರ ಐದು ಅಲ್ಲ, ಮನ್ನಾ ಸಿಗೂತನಾ ಜೀವಾ ಇರೂವರೆಗೂ.

ಇದು ಬರೇ ಕಾನೂನಿನ ಪುಸ್ತಕದಾಗಿನ ಮಾತಲ್ಲ. ಇಲ್ಲಿ ನನಗ ಪರಿಚಯದಾಕಿ ಒಬ್ಬಾಕಿ ಇದ್ದಾಳ, ನಮ್ಮ ಕಡೆಯಾಕಿನ. ಆಕಿ ಗಂಡ ಎಂದೋ ಒಂದು ದೀಪಾವಳಿಯೊಳಗ ಅಂದರ್ ಬಾಹರ್ ಆಡ್ಕೋತ ಕುಂತಾಗ ಪೊಲೀಸರು ಎತ್ತಿಕೊಂಡು ಹೋಗಿದ್ರು. 300 ರೂಪಾಯಿ ದಂಡ. ಬರದಿದ್ರ ಬಹುಶಃ ಯಾರೂ ಮೂಸಿ ನೋಡ್ತಿರಲಿಲ್ಲ. ಮನಿ ಮಂದಿ ಎಲ್ಲಾ ಕೂಡಿ 'ಇಲ್ಲ' ಅಂತ ಹಾಕಿಸಿದ್ರು. ಮೊದಲಿನ ಪೊಲೀಸ್ ಸರ್ಟಿಫಿಕೇಟ್ ಸ್ವಚ್ಛ ಇತ್ತು. ಫೈಲ್ ತಡ ಆಗಿ ಅದು ಹಳೇದಾತು, ಹೊಸಾದು ಕೇಳಿದ್ರು. ಹೊಸದರಾಗ ಆ ಕೇಸ್ ಕುಂತಿತ್ತು. ಇದಕ್ಕ ಏನಂತೀರಿ ಅಂತ ಪತ್ರ ಬಂತು. ಮರತಿದ್ದೆ ಅಂತ ಬರದ. ನಂಬಲಿಲ್ಲ. ಐದು ವರ್ಷ! ಆಕಿ ಮಗ ತೆವಳಿದ್ದು, ನಡದಿದ್ದು, ಹಲ್ಲು ಬಿದ್ದಿದ್ದು ಎಲ್ಲಾ ಅವ ಫೋನ್‌ನ್ಯಾಗ ನೋಡ್ಯಾನ. ಆ ಮಗ ಅಪ್ಪ ಅಂದ್ರ ಫೋನ್ ತಂದು ಕೊಡ್ತಿತ್ತು. ಬರೀಬ್ಯಾಡ ಅಂದ ಅತ್ತೆವ್ವ ಈಗ, "ನಮ್ಮ ಹಣೇಬರಾ" ಅಂತಾಳಂತ. ಹಣೇಬರಾ ಅಲ್ಲ ಅತ್ತೆವ್ವಾ, ಫಾರ್ಮಿನ ಬರಾ. ನೀವ ಬರಸಿದ್ದು.

ಇನ್ನ ಅಕ್ಕನ ಮಗನ ಸಂಗತಿ. ಅಕ್ಕಾ, ನನ್ನದು ಹೇಳಿ ನಿನಗ ಪುಸಲಾಯಿಸೂದಿಲ್ಲ. ನಿನ್ನ ಮಗಂದು ನನ್ನದರಂಗ ಸಲೀಸು ಅಲ್ಲ. ಅವ ಕುಡದು ಬೈಕ್ ಓಡಿಸಿ ಸಿಕ್ಕಿಬಿದ್ದದ್ದು 2021ರಾಗ. ಮೋಟಾರು ವಾಹನ ಕಾಯ್ದೆ ಕಲಂ 185, ಹತ್ತು ಸಾವಿರ ದಂಡ, ಕೋರ್ಟಿನ್ಯಾಗ ಕಟ್ಟಿದ್ದು. ನೀವೆಲ್ಲಾ ಅದನ್ನ ಟ್ರಾಫಿಕ್ ದಂಡ ಅಂತೀರಿ. ಹೆಲ್ಮೆಟ್ ಹಾಕದ್ದಕ್ಕ ರಸೀದಿ ಹರದು ಕೊಟ್ಟಂಗ. ಕೆನಡಾದವರು ಹಂಗ ಅನ್ನೂದಿಲ್ಲ. 2018ರ ಡಿಸೆಂಬರ್ 18ರಿಂದ ಅವರಲ್ಲಿ ಕುಡದು ಗಾಡಿ ಓಡಿಸಿದ್ದಕ್ಕ ಹೆಚ್ಚಿನ ಶಿಕ್ಷಾ 10 ವರ್ಷ ಮಾಡ್ಯಾರ. ಅಂದ್ರ ಅದು ಗಂಭೀರ ಅಪರಾಧದ ಸಾಲಿಗೆ ಹೋತು. ನನಗ ಸಿಕ್ಕಂಗ, ಹತ್ತು ವರ್ಷ ಆತು ಬಿಡು ಅನ್ನೂ ದಾರಿ ಅವಂಗ ಇಲ್ಲ. ಅವ ಬ್ಯಾರೆ ಅರ್ಜಿ ಹಾಕಿ, ನಾ ಸುಧಾರಿಸೀನಿ ಅಂತ ತೋರಸಬೇಕು: ಕೆಲಸ, ಮನಿ, ನಡತಿ, ಕುಡಿತ ಬಿಟ್ಟಿದ್ದು. ಆ ಅರ್ಜಿ ಹಾಕಾಕ ಶಿಕ್ಷಾ ಮುಗದು 5 ವರ್ಷ ಆಗಿರಬೇಕು. 2021ರಾಗ ದಂಡ ಕಟ್ಟಿದ್ರ 2026ಕ್ಕ ತುಂಬ್ತೈತಿ. ಮುಂದ ಅವರು ಅದನ್ನ ನೋಡೂದಕ್ಕೂ ತಡ ಆಗ್ತೈತಿ. ಆಗಂಗಿಲ್ಲ ಅಂತಲೂ ಅನ್ನಬಹುದು.

ಇದನ್ನ ಕೇಳಿದ್ರ ನಿನಗ ಮುಚ್ಚಿಡೂ ಆಸೆ ಇನ್ನೂ ಹೆಚ್ಚಾಗ್ತೈತಿ ಅಂತ ಗೊತ್ತು. ಖರೇ ಹೇಳಿದವರಿಗೆಲ್ಲಾ ಬಾಗಲಾ ತಗೀತೈತಿ ಅಂತ ನಾ ಹೇಳಾಕತ್ತಿಲ್ಲ. ಬಾಗಲಾ ತಡ ಆಗಿ ತಗಿಯೂದಕ್ಕೂ, ತಗದಿದ್ದು ಮತ್ತ ಮುಚ್ಚೂದಕ್ಕೂ ಫರಕ್ ಐತಿ ಅಷ್ಟ ಹೇಳಾಕತ್ತೀನಿ. ಸುಳ್ಳು ಹೇಳಿ ಒಳಗ ಬಂದವಂದು ಯಾವತ್ತರ ಹೊರಗ ಬಿದ್ರ, ಕೊಟ್ಟಿದ್ದನ್ನೂ ಕಸಗೋತಾರ. ಆಗ ಅವ ಒಬ್ಬನ ಇರೂದಿಲ್ಲ. ಮಕ್ಕಳು ಇಲ್ಲಿ ಸಾಲಿಗೆ ಹೋಗ್ತಿರ್ತಾವು.

ಇದಕ್ಕಿಂತ ಭಾರಿ ಮಾತು ಇನ್ನೊಂದು ಐತಿ. ಅವತ್ತು ತೊಟ್ಟಿಲ ಕಾರ್ಯದಾಗ ನೀ ಫೋನ್ ಬಾಯಿ ಹಂತ್ಯಾಕ ಹಿಡದು ಕಡೀಗೆ ಅಂದಿದ್ದಿ: "ಸೊಸಿಗೆ ಗೊತ್ತಿಲ್ಲ, ಆಕಿ ಮುಂದ ಅನ್ನಬ್ಯಾಡ." ನಿನ್ನ ಸೊಸಿ ಇಲ್ಲಿ ನರ್ಸ್. ರಾತ್ರಿ ಪಾಳಿ ಮಾಡಿ, ಮುಂಜಾನೆ ಬಂದು ಹೊರಗ ಹಿಮ ಎತ್ತಿ ಮಲಗ್ತಾಳ. ಗಂಡನ್ನ ಕರಸಾಕ ಫೈಲ್ ಹಾಕಾಕತ್ತಾಕಿ ಆಕೀನ. ಪ್ರಾಯೋಜಕಿ ಅಂತ ಸಹಿ ಮಾಡಾಕಿ ಆಕಿ. ಅವಂಗ ಮೂರು ವರ್ಷ ಅನ್ನ ಹಾಕ್ತೀನಿ, ಅವ ಸರಕಾರದ ನೆರವು ತಗೊಂಡ್ರ ತುಂಬಿ ಕೊಡ್ತೀನಿ ಅಂತ ಬರದು ಕೊಡಾಕಿ ಆಕಿ. ಆಕಿ ಉಳಿತಾಯದ ರೊಕ್ಕ, ಆಕಿ ಹೆಸರು, ಆಕಿ ವಯಸ್ಸು. ಐದು ವರ್ಷ ಬಂದ್ ಆದ್ರ ಆಕಿಗೆ 36 ಆಗಿರ್ತೈತಿ ಅಕ್ಕಾ. ಆಮ್ಯಾಲೆ ತೊಟ್ಟಿಲಾ ಯಾವಾಗ ತೂಗ್ತಿ?

ಹೆಣ್ಣುಮಕ್ಕಳ ಕೇಸ್ ಹೆಣ್ಣುಮಕ್ಕಳಿಗೆ ಮೈಲಿಗಿ. ಗಂಡುಮಕ್ಕಳ ಕೇಸ್ ಮುಚ್ಚಿಡೂದು ಹೆಣ್ಣುಮಕ್ಕಳ ಕೆಲಸ. ಇದನ್ನ ಯಾರು ನಡಸ್ಯಾರ? ನಾವ. ಪಡಸಾಲ್ಯಾಗ ಎಲಿ ಅಡಕಿ ಹಾಕ್ಕೊಂಡು ಕುಂತವರು. ನನ್ನ ಮದುವಿ ತಡದವರೂ ಚಾ ಕುಡಿಯೂ ಹೊತ್ತಿನ ಹೆಂಗಸರ, ಈಗ ಇವನ ತಪ್ಪು ಮುಚ್ಚಿ ಅಂತ ಹೇಳೂವರೂ ಅವರ. ಒಬ್ಬ ವೈನಿ ಎರಡೂ ಕಡೆ ಇದ್ದಳು, ಹೆಸರು ಹೇಳೂದಿಲ್ಲ. ಓದುಮುಂದ ನಕ್ಕರ ನಗಲಿ.

ನಮ್ಮ ಅತ್ತಿಯವರಿಗೆ ನನ್ನ ಸಂಗತಿ ಗೊತ್ತಾದದ್ದು ಆ ಕೋರ್ಟಿನ ಹಾಳಿ ಅನುವಾದ ಮಾಡಿಸಾಕ ಹೋದಾಗ. ಮಗ ಮೊದಲ ಹೇಳಿರಲಿಲ್ಲ, ಅದು ಅವರ ತಪ್ಪು, ನಾ ಈಗೂ ಅಂತಿರ್ತೀನಿ. ಅತ್ತಿಯವರು ನಾಲ್ಕು ತಿಂಗಳು ನನ್ನ ಕೂಡ ಮಾತಾಡಲಿಲ್ಲ. ಈಗ ಮಾತಾಡ್ತಾರ. ಜಗಳ ಬಂದಾಗ "ನೀ ಹೊಡಿಯಾಕಿ ಹೌದಲ್ಲ" ಅಂತ ಒಂದು ಚುಚ್ಚತಾರ. ಚುಚ್ಚಲಿ. ಅದು ಮನ್ಯಾಗಿನ ಮಾತು, ಮನ್ಯಾಗ ತೀರ್ತೈತಿ. ಹೋದ ವರ್ಷ ಇಲ್ಲಿಗೆ ಬಂದಾಗ ಡೆಟ್ರಾಯಿಟ್ ನದಿ ದಂಡಿ ಮ್ಯಾಲೆ ಕುಂತು, ಆಚಿಕಡೆ ಅಮೆರಿಕಾ ನೋಡ್ಕೋತ, "ಅಲ್ಲಾ, ಖರೇನ ಕಪಾಳಕ್ಕ ಹೊಡದಿದ್ದ್ಯಾ?" ಅಂತ ಕೇಳಿದ್ರು. ಹೂಂ ಅಂದೆ. "ಏನಂದಿದ್ಲು ಆಕಿ?" ಅಂದ್ರು. ಕಿವಿಯಾಗ ಹೇಳಿದೆ. ಅವರು ಸೆರಗು ಬಾಯಿಗೆ ಹಿಡಕೊಂಡ್ರು.

ಅಕ್ಕಾ, ಏನೇನು ತರಬೇಕು ಅಂದ್ರ: ಕೋರ್ಟಿನ ನಕಲು ಶಾಖೆಗೆ ಅರ್ಜಿ ಹಾಕು. ಕೇಸ್ ನಂಬರ್ ಗೊತ್ತಿರದಿದ್ರ ಸ್ಟೇಷನ್ ಹೆಸರು, ವರ್ಷ, ಹುಡುಗನ ಪೂರ್ತಿ ಹೆಸರು ಬರಿ. ತೀರ್ಪು, ದಂಡ ಕಟ್ಟಿದ ರಸೀದಿ, ಎರಡಕ್ಕೂ ದೃಢೀಕರಿಸಿದ ನಕಲು ತಗೋ. ಎರಡೆರಡು ಪ್ರತಿ ತಗೋ, ಮತ್ತ ಹೋಗೂದು ತಪ್ತೈತಿ. ಅನುವಾದ ಮಾಡಿದವರ ಕಡೆಯಿಂದ ಪ್ರಮಾಣಪತ್ರ ಬರಸಿಕೋ. ಆ ಏಜೆಂಟನ್ನ ಬಿಡು. ವಲಸೆ ಕೇಸ್ ನಡಸಾಕ ಇಲ್ಲಿ ಪರವಾನಗಿ ಇದ್ದ ವಕೀಲರಿದ್ದಾರ, ನಾ ಹುಡುಕಿ ಕೊಡ್ತೀನಿ, ಫೀ ಆಗ್ತೈತಿ.

ಆದ್ರ ಅದಕ್ಕಿಂತ ಮೊದಲ ಸೊಸಿಗೆ ಹೇಳು. ನೀ ಹೇಳಬ್ಯಾಡ, ಮಗನ ಕಡೆಯಿಂದ ಹೇಳಸು. ಆಕಿ ರಾತ್ರಿ ಪಾಳಿ ಇಲ್ಲದ ದಿನ ನೋಡಿ ಹೇಳಸು. ಆಕಿ ಎರಡು ದಿನ ಫೋನ್ ಎತ್ತದಿದ್ರ ಬಿಡ್ರಿ, ಹತ್ತು ಸಲ ಹಚ್ಚಬ್ಯಾಡ್ರಿ. ಆಕಿ ಮಾತಾಡಿದ ಮ್ಯಾಲೆ ನನಗ ಫೋನ್ ಮಾಡು, ಎಷ್ಟೊತ್ತಿಗಾದ್ರೂ.